ಸ್ಪೇನಿನವರು ಮತ್ತು ಮಾಯಾ ನಾಡು: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಶಾಲೆಯ ಪುಸ್ತಕಗಳಲ್ಲಿ ಮಾಯಾ ಜನರಿಗೆ ಸಿಗುವುದು ಒಂದೆರಡು ಪ್ಯಾರಾ. ಪಿರಮಿಡ್, ಕ್ಯಾಲೆಂಡರ್, ಆಮೇಲೆ ಸ್ಪೇನಿನವರು ಬಂದರು, ಮುಗೀತು. ಆದರೆ ಅದು ಅಷ್ಟು ಬೇಗ ಮುಗಿಯಲಿಲ್ಲ. ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇವೆ.

ಸ್ಪೇನಿನವರು ಬರುವ ಹೊತ್ತಿಗೆ ಮಾಯಾ ಜನ ನಾಶವಾಗಿ ಹೋಗಿದ್ದರಲ್ವಾ?

ಇಲ್ಲ. ಟಿಕಾಲ್, ಪಾಲೆಂಕೆಯಂಥ ದಕ್ಷಿಣದ ದೊಡ್ಡ ನಗರಗಳು 9ನೇ ಶತಮಾನದ ಆಸುಪಾಸಿನಲ್ಲಿ ಬರಿದಾದವು, ಅದು ನಿಜ. ನಗರ ಬಿಟ್ಟರು ಅಂದ ಮಾತ್ರಕ್ಕೆ ಜನ ಸತ್ತರು ಅಂತಲ್ಲ. ಯುಕಟಾನ್ ಪರ್ಯಾಯ ದ್ವೀಪದಲ್ಲಿ, ಗ್ವಾಟೆಮಾಲಾದ ಬೆಟ್ಟಗಳಲ್ಲಿ, ಅದರ ಉತ್ತರದ ಪೆತೆನ್ ಸೀಮೆಯ ಕೆರೆ ದಂಡೆಗಳಲ್ಲಿ ಲಕ್ಷಾಂತರ ಜನ ಇದ್ದರು. 1500ರ ಹೊತ್ತಿಗೆ ಅವರಿಗೆ ಸಂತೆ, ಸೈನ್ಯ, ತೆರಿಗೆ, ಪುಸ್ತಕ ಎಲ್ಲವೂ ಇದ್ದವು.

ಇರದಿದ್ದದ್ದು ಒಂದೇ, ಎಲ್ಲರಿಗೂ ಸೇರಿ ಒಬ್ಬ ರಾಜ. ಯುಕಟಾನ್ ಒಂದರಲ್ಲೇ ಹದಿನಾರರಷ್ಟು ಸಣ್ಣ ಸಂಸ್ಥಾನಗಳಿದ್ದವು ಎಂದು ಲೆಕ್ಕ ಹಾಕುತ್ತಾರೆ. ಗ್ವಾಟೆಮಾಲಾದ ಬೆಟ್ಟಸೀಮೆಯಲ್ಲಿ ಕಿಚೆ, ಕಕ್ಚಿಕೆಲ್, ತ್ಸುತುಹಿಲ್, ಮಾಮ್ ಹೀಗೆ ಬೇರೆ ಬೇರೆ ರಾಜ್ಯಗಳು. ಒಬ್ಬರ ಮುಖ ಕಂಡರೆ ಇನ್ನೊಬ್ಬರಿಗೆ ಆಗುತ್ತಿರಲಿಲ್ಲ. ಈ ಸಂಗತಿಯನ್ನು ನೆನಪಿಟ್ಟುಕೊಳ್ಳಿ. ಮುಂದಿನ ಅರ್ಧ ಪ್ರಶ್ನೆಗಳಿಗೆ ಉತ್ತರ ಇದರಲ್ಲೇ ಇದೆ.

ಅಜ್ಟೆಕ್, ಇಂಕಾ, ಮಾಯಾ ಎಲ್ಲ ಒಂದೇನಾ?

ಅಲ್ಲ. ಅಜ್ಟೆಕರದು ಮಧ್ಯ ಮೆಕ್ಸಿಕೊ. ಇಂಕಾಗಳದು ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟ. ಮಾಯಾ ನಾಡು ಅಂದರೆ ಇವತ್ತಿನ ಮೆಕ್ಸಿಕೊದ ಆಗ್ನೇಯ ಭಾಗ, ಗ್ವಾಟೆಮಾಲಾ, ಬೆಲೀಜ್, ಜೊತೆಗೆ ಹೊಂಡುರಾಸ್ ಮತ್ತು ಎಲ್ ಸಾಲ್ವಡಾರ್‌ನ ಪಶ್ಚಿಮದ ಅಂಚು. ಅಜ್ಟೆಕರ ರಾಜಧಾನಿ 1521ರಲ್ಲಿ ಬಿತ್ತು. ಕೊನೆಯ ಸ್ವತಂತ್ರ ಮಾಯಾ ರಾಜ್ಯ ಬಿದ್ದದ್ದು 1697ರಲ್ಲಿ. ನಡುವೆ 176 ವರ್ಷ.

ಎರಡೂ ಕಡೆಯವರು ಮೊದಲು ಎದುರಾದದ್ದು ಯಾವಾಗ?

1502ರಲ್ಲಿ. ಕೊಲಂಬಸ್ ತನ್ನ ನಾಲ್ಕನೇ ಪ್ರಯಾಣದಲ್ಲಿ ಹೊಂಡುರಾಸ್ ಕಡಲಿನ ಗ್ವಾನಾಹಾ ದ್ವೀಪದ ಹತ್ತಿರ ಇದ್ದಾಗ ಒಂದು ದೊಡ್ಡ ದೋಣಿ ಬಂತು. ಅದು ವ್ಯಾಪಾರದ ದೋಣಿ, ಮಾಯಾ ಕಡೆಯದು ಎಂದೇ ಸಾಮಾನ್ಯವಾಗಿ ಹೇಳುತ್ತಾರೆ. ಹತ್ತಿಬಟ್ಟೆ, ತಾಮ್ರದ ಗಂಟೆ, ಕೊಡಲಿ, ರಾಶಿ ಕೋಕೋ ಬೀಜ ತುಂಬಿತ್ತು. ಕೊಲಂಬಸ್‌ನ ಮಗ ಅಪ್ಪನ ಜೊತೆಯಲ್ಲೇ ಇದ್ದ. ಕೋಕೋ ಬೀಜ ಕೆಳಗೆ ಬಿದ್ದಾಗ ಅವರೆಲ್ಲ ಕಣ್ಣೇ ಕಳಚಿ ಬಿದ್ದ ಹಾಗೆ ಬಗ್ಗಿ ಹುಡುಕಿದರು ಎಂದು ಆಮೇಲೆ ಬರೆದ. ಆ ಬೀಜ ಅವರ ದುಡ್ಡು ಎಂಬುದು ಸ್ಪೇನಿನವರಿಗೆ ಆಗ ಗೊತ್ತಿರಲಿಲ್ಲ.

1511ರದ್ದು ಇನ್ನೂ ಸ್ವಾರಸ್ಯದ ಕಥೆ. ಪನಾಮಾ ಕಡೆಯಿಂದ ಹೊರಟ ಹಡಗೊಂದು ಒಡೆದು, ಬದುಕುಳಿದ ಕೆಲವರು ಯುಕಟಾನ್ ದಡ ಸೇರಿದರು. ಹೆಚ್ಚಿನವರು ಸತ್ತರು. ಉಳಿದ ಇಬ್ಬರ ಹೆಸರು ಇತಿಹಾಸದಲ್ಲಿ ನಿಂತಿದೆ. ಹೆರೋನಿಮೊ ದೆ ಅಗಿಲಾರ್ ಧರ್ಮ ಬಿಡದೆ ಆಳಾಗಿ ದುಡಿದ. 1519ರಲ್ಲಿ ಸ್ಪೇನಿನ ದಂಡನಾಯಕ ಕೊರ್ಟೆಸ್ ಬಂದಾಗ ಅವನನ್ನು ಸೇರಿಕೊಂಡು ದುಭಾಷಿಯಾದ. ಗೊನ್ಸಾಲೊ ಗೆರೆರೊ ಮಾತ್ರ ಬರಲಿಲ್ಲ. ಅವನಿಗಾಗಲೇ ಮಾಯಾ ಹೆಂಡತಿ, ಮಕ್ಕಳು. ಮುಖಕ್ಕೆ ಹಚ್ಚೆ, ಕಿವಿ ಚುಚ್ಚಿಸಿಕೊಂಡಿದ್ದ. ಚೆತುಮಾಲ್‌ನ ಒಡೆಯನ ಸೇನಾಪತಿಯಾಗಿ ಸ್ಪೇನಿನವರ ವಿರುದ್ಧವೇ ಕಾದಾಡಿದ. 1536ರ ಸುಮಾರಿಗೆ ಹೊಂಡುರಾಸ್‌ನಲ್ಲಿ ಸ್ಪೇನಿನವರ ಗುಂಡಿಗೆ ಸತ್ತ ಎನ್ನುತ್ತಾರೆ. ಸ್ಪೇನಿನ ದಾಖಲೆಗಳಲ್ಲಿ ಅವನು ದ್ರೋಹಿ. ಇವತ್ತಿನ ಯುಕಟಾನ್‌ನಲ್ಲಿ ಅವನಿಗೆ ಪ್ರತಿಮೆಗಳಿವೆ.

ಬೆರಳೆಣಿಕೆಯ ಸ್ಪೇನಿನವರು ಇಷ್ಟು ದೊಡ್ಡ ನಾಡನ್ನು ಹೇಗೆ ಗೆದ್ದರು? ಬಂದೂಕು, ಕುದುರೆ ಸಾಕಾಯ್ತಾ?

ಸಾಕಾಗಲಿಲ್ಲ. 1517ರಲ್ಲಿ ಹೆರ್ನಾಂದೆಸ್ ದೆ ಕೊರ್ದೊಬಾ ನೂರಕ್ಕೂ ಸ್ವಲ್ಪ ಜಾಸ್ತಿ ಜನರೊಂದಿಗೆ ಬಂದು ಕುಡಿಯುವ ನೀರಿಗಾಗಿ ಚಂಪೊತೋನ್‌ನಲ್ಲಿ ದಡಕ್ಕೆ ಇಳಿದ. ಅಲ್ಲಿನವರು ಒಂದೇ ಬೆಳಗ್ಗೆ ಸುಮಾರು ಅರ್ಧದಷ್ಟು ಜನರನ್ನು ಕೊಂದರು. ಅವನೂ ಗಾಯಗಳಿಂದ ಕ್ಯೂಬಾದಲ್ಲಿ ಸತ್ತ. ಬಂದೂಕು ಅವರ ಹತ್ತಿರವೂ ಇತ್ತು.

ಯುದ್ಧ ತಿರುಗಿದ್ದು ಎರಡು ಕಾರಣಕ್ಕೆ. ಒಂದು ರೋಗ. ಸಿಡುಬು ಸೈನ್ಯಕ್ಕಿಂತ ಮೊದಲೇ ಗ್ವಾಟೆಮಾಲಾದ ಬೆಟ್ಟ ಹತ್ತಿತು. 1519ರಿಂದ 1521ರ ನಡುವೆ ಬಂದ ಪಿಡುಗಿನ ಬಗ್ಗೆ ಕಕ್ಚಿಕೆಲ್ ಜನರೇ ತಮ್ಮ ವೃತ್ತಾಂತದಲ್ಲಿ ಬರೆದಿಟ್ಟಿದ್ದಾರೆ. ಹೆಣದ ನಾತ, ಹೊಲಗಳಿಗೆ ಓಡಿದ ಜನ, ಹೆಣ ತಿಂದ ನಾಯಿ, ರಣಹದ್ದು. ಅವರ ರಾಜರೂ ಅದರಲ್ಲೇ ತೀರಿಕೊಂಡರು. ಸ್ಪೇನಿನವರ ಮುಖ ನೋಡುವ ಮೊದಲೇ ರಾಜ್ಯದ ಅರ್ಧ ಬೆನ್ನು ಮುರಿದಿತ್ತು.

ಎರಡನೆಯದು, ಅವರ ಜೊತೆ ಬಂದ ಸ್ಥಳೀಯ ಸೈನ್ಯ. ಕೊರ್ಟೆಸ್‌ನ ಸೇನಾನಿ ಪೆದ್ರೊ ದೆ ಅಲ್ವರಾದೊ 1523ರ ಡಿಸೆಂಬರ್‌ನಲ್ಲಿ ಮೆಕ್ಸಿಕೊದಿಂದ ಹೊರಟಾಗ ಅವನ ಸ್ಪೇನಿನ ಸೈನಿಕರು ಸುಮಾರು 420. ಹಿಂದೆ ಮಧ್ಯ ಮೆಕ್ಸಿಕೊದ ತ್ಲಾಸ್ಕಲಾ, ಚೊಲುಲಾ ಮತ್ತಿತರ ಊರುಗಳ ಸಾವಿರಾರು ನಹುವಾ ಯೋಧರು. ಮೆಕ್ಸಿಕೊದ ಕ್ವಾಕೆಚೊಲ್ಲಾನ್ ಊರಿನವರು ಈ ದಂಡಯಾತ್ರೆಯ ತಮ್ಮದೇ ಚಿತ್ರವನ್ನು ದೊಡ್ಡ ಬಟ್ಟೆಯ ಮೇಲೆ ಬರೆದಿಟ್ಟರು. ಆ ಬಟ್ಟೆ ಇವತ್ತಿಗೂ ಇದೆ. ಅದರಲ್ಲಿ ಗೆದ್ದವರು ಅವರೇ, ಸ್ಪೇನಿನವರು ಜೊತೆಗಾರರು.

ಮಾಯಾ ರಾಜ್ಯಗಳ ಒಳಜಗಳ ಉಳಿದದ್ದನ್ನು ಮಾಡಿತು.

ಗ್ವಾಟೆಮಾಲಾದಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳಿ.

1524ರ ಫೆಬ್ರವರಿಯಲ್ಲಿ ಅಲ್ವರಾದೊ ಕಿಚೆ ರಾಜ್ಯಕ್ಕೆ ನುಗ್ಗಿದ. ಇವತ್ತಿನ ಕೆತ್ಸಾಲ್ತೆನಾಂಗೊ ಹತ್ತಿರದ ಬಯಲಿನಲ್ಲಿ ದೊಡ್ಡ ಕಾಳಗ ನಡೆದು ಕಿಚೆ ಸೈನ್ಯ ಸೋತಿತು. ಆಗ ಕಿಚೆ ದೊರೆಗಳು ಅವನನ್ನು ತಮ್ಮ ರಾಜಧಾನಿ ಕುಮಾರ್ಕಾಹ್‌ಗೆ ಕರೆದರು. ಕಮರಿಗಳ ನಡುವಿನ ಕೋಟೆ. ಒಳಗೆ ಹೋಗಲು ಎರಡೇ ದಾರಿ, ಬೀದಿಗಳು ಕುದುರೆ ತಿರುಗಿಸಲಾರದಷ್ಟು ಇಕ್ಕಟ್ಟು. ಒಳಗೆ ಹಾಕಿ ಸುಡುವ ಹುನ್ನಾರ ಎಂದು ಅಲ್ವರಾದೊಗೆ ಅನುಮಾನ ಬಂತು. ಬಯಲಿಗೆ ಬಂದು, ನಯವಾಗಿ ಮಾತಾಡಿಸಿ ದೊರೆಗಳನ್ನು ಹಿಡಿದ. ಮಾರ್ಚ್‌ನಲ್ಲಿ ಅವರನ್ನು ಜೀವಂತ ಸುಟ್ಟ. ಊರಿಗೂ ಬೆಂಕಿ ಇಟ್ಟ. ಇದು ಯಾರೋ ಹಬ್ಬಿಸಿದ ಸುದ್ದಿಯಲ್ಲ, ಕೊರ್ಟೆಸ್‌ಗೆ ಬರೆದ ಪತ್ರದಲ್ಲಿ ಅವನೇ ಹೇಳಿಕೊಂಡಿದ್ದಾನೆ.

ಇದಕ್ಕೆ ಕೈಜೋಡಿಸಿದವರು ಕಿಚೆಗಳ ಹಳೆಯ ವೈರಿಗಳಾದ ಕಕ್ಚಿಕೆಲ್ ಜನ. ಅಲ್ವರಾದೊನನ್ನು ತಮ್ಮ ರಾಜಧಾನಿ ಇಷಿಮ್ಚೆಯಲ್ಲಿ ಸ್ವಾಗತಿಸಿದರು. 1524ರ ಜುಲೈ 25ರಂದು ಅಲ್ಲೇ ಸ್ಪೇನಿನವರ ಮೊದಲ ಊರು ಸ್ಥಾಪನೆ ಆಯಿತು. ಸ್ನೇಹ ಉಳಿದದ್ದು ಕೆಲವೇ ತಿಂಗಳು. ಅಲ್ವರಾದೊ ಚಿನ್ನ ಕೇಳಿದ. ಕಡಿಮೆ ಮಾಡಿ ಎಂದು ದೊರೆಗಳು ಅತ್ತರು. ಐದು ದಿನದೊಳಗೆ ತರದಿದ್ದರೆ ನೋಡಿ ಎಂದು ಗದರಿಸಿದ, ಅವರ ಕಿವಿಯ ಚಿನ್ನವನ್ನೂ ಕಿತ್ತುಕೊಂಡ ಎಂದು ಕಕ್ಚಿಕೆಲ್ ವೃತ್ತಾಂತ ಹೇಳುತ್ತದೆ. ಜನ ಊರು ಬಿಟ್ಟು ಕಾಡು ಸೇರಿದರು. ಕುದುರೆ ಬೀಳಲೆಂದು ಗುಂಡಿ ತೋಡಿ ಒಳಗೆ ಚೂಪು ಗೂಟ ನೆಟ್ಟರು. 1530ರವರೆಗೂ ಹೋರಾಡಿ ಕೊನೆಗೆ ಶರಣಾದರು.

ಅವರ ಇಬ್ಬರು ದೊರೆಗಳಲ್ಲಿ ಒಬ್ಬ ಬೆಲೆಹೆ ಕಾಟ್. 1532ರಲ್ಲಿ ಅವನು ಸತ್ತದ್ದು ಯುದ್ಧದಲ್ಲಿ ಅಲ್ಲ. ಬಿಟ್ಟಿ ದುಡಿಮೆಯಲ್ಲಿ ಹೊಳೆಯ ಮರಳು ತೊಳೆದು ಚಿನ್ನ ಹುಡುಕುತ್ತಾ ಸತ್ತ.

ಕಿಚೆ ವೀರ ತೆಕುನ್ ಉಮಾನ್ ನಿಜವಾಗಿ ಇದ್ದನಾ?

ಕಿಚೆ ಸೇನಾಪತಿಯೊಬ್ಬ ಆ ಕಾಳಗದಲ್ಲಿ ಸತ್ತದ್ದು ನಿಜ, ಅಲ್ವರಾದೊ ಪತ್ರದಲ್ಲೇ ಇದೆ. ಆದರೆ ಹೆಸರು ಹೇಳಿಲ್ಲ. ಅಲ್ವರಾದೊನ ಕುದುರೆಯ ತಲೆ ಕಡಿದ, ಸತ್ತಾಗ ಅವನ ಎದೆಯ ಮೇಲೆ ಕೆತ್ಸಾಲ್ ಹಕ್ಕಿ ಕೂತು ಅದರ ಎದೆ ಕೆಂಪಾಯಿತು ಎಂಬುದೆಲ್ಲ ಐತಿಹ್ಯ. 1960ರಲ್ಲಿ ಗ್ವಾಟೆಮಾಲಾ ಅವನನ್ನು ರಾಷ್ಟ್ರವೀರ ಎಂದು ಘೋಷಿಸಿತು. ಅದೇ ವರ್ಷ ಶುರುವಾದ ಅಂತರ್ಯುದ್ಧದಲ್ಲಿ ಅವನ ಕುಲದವರಿಗೆ ಏನಾಯಿತು ಎಂಬುದು ಮುಂದೆ ಬರುತ್ತದೆ.

ಯುಕಟಾನ್ ಗೆಲ್ಲಲು ಯಾಕೆ ಅಷ್ಟು ಕಾಲ ಹಿಡಿಯಿತು?

ಅಲ್ಲಿ ಚಿನ್ನ ಇಲ್ಲ. ನೆಲದ ಮೇಲೆ ಹರಿಯುವ ಹೊಳೆಯೂ ಇಲ್ಲದಂಥ ಸುಣ್ಣಕಲ್ಲಿನ ನಾಡು. ನೀರು ಬೇಕಾದರೆ ಸೆನೋತೆ ಎಂಬ ಕುಸಿದ ಗುಂಡಿಗಳೇ ಗತಿ. ಸೈನ್ಯ ಬಂದರೆ ಜನ ಬಾವಿ ಮುಚ್ಚಿ ಕಾಡಿಗೆ ಹೋಗುತ್ತಿದ್ದರು. ಹಿಡಿಯಲು ಅಜ್ಟೆಕರ ದೊರೆ ಮೊಂತೆಸುಮಾನಂಥ ಒಬ್ಬನೂ ಇರಲಿಲ್ಲ. ಒಂದು ಸಂಸ್ಥಾನ ಶರಣಾದರೆ ಪಕ್ಕದ್ದು ಏಳುತ್ತಿತ್ತು, ಶರಣಾದದ್ದೂ ಮರುವರ್ಷ ತಿರುಗಿ ಬೀಳುತ್ತಿತ್ತು.

ಫ್ರಾನ್ಸಿಸ್ಕೊ ದೆ ಮೊಂತೆಹೊ 1527ರಲ್ಲಿ ಮೊದಲು ಬಂದು ಸೋತು ಹೋದ. 1531ರಲ್ಲಿ ಮತ್ತೆ ಬಂದ. ಅವನ ಮಗ ಚಿಚೆನ್ ಇತ್ಸಾದ ಹಳೆಯ ಕಟ್ಟಡಗಳ ನಡುವೆಯೇ ಊರು ಕಟ್ಟಲು ಹೋಗಿ ಮುತ್ತಿಗೆಗೆ ಸಿಕ್ಕಿಬಿದ್ದ. ಅಲ್ಲಿಂದ ತಪ್ಪಿಸಿಕೊಂಡ ಬಗೆಯನ್ನು ಪಾದ್ರಿ ದಿಯೆಗೊ ದೆ ಲಾಂದಾ ಬರೆದಿದ್ದಾನೆ. ಹಸಿದ ನಾಯಿಯನ್ನು ಗಂಟೆಯ ಹಗ್ಗಕ್ಕೆ ಕಟ್ಟಿ, ಬಾಯಿಗೆ ಎಟುಕದಷ್ಟು ದೂರದಲ್ಲಿ ತಿಂಡಿ ಇಟ್ಟರಂತೆ. ನಾಯಿ ಎಳೆದಾಗಲೆಲ್ಲ ಗಂಟೆ ಬಾರಿಸಿತು. ಸ್ಪೇನಿನವರು ಒಳಗೇ ಇದ್ದಾರೆ ಎಂದು ಮಾಯಾ ಸೈನಿಕರು ಕೂತರು, ಅವರೋ ರಾತ್ರೋರಾತ್ರಿ ಪರಾರಿ. ಪೆರುವಿನಲ್ಲಿ ಚಿನ್ನ ಸಿಕ್ಕಿದ ಸುದ್ದಿ ಬೇರೆ ಬಂತು. 1535ರ ಹೊತ್ತಿಗೆ ಯುಕಟಾನ್‌ನಲ್ಲಿ ಒಬ್ಬ ಸ್ಪೇನಿನ ಸೈನಿಕನೂ ಇರಲಿಲ್ಲ.

ಮೂರನೇ ಸಲ ಕೆಲಸ ಆಗಿದ್ದಕ್ಕೆ ಒಳಜಗಳವೇ ಕಾರಣ. 1536ರಲ್ಲಿ ಶಿಯು ಮನೆತನದವರು ಚಿಚೆನ್ ಇತ್ಸಾದ ಸೆನೋತೆಗೆ ಹರಕೆ ತೀರಿಸಲು ಹೊರಟಿದ್ದರು. ಹಳೆಯ ವೈರಿಗಳಾದ ಕೊಕೊಮ್ ಮನೆತನದವರು ಊಟಕ್ಕೆ ಕರೆದು ಅವರನ್ನು ಕೊಂದರು. ಆ ಸೇಡು ಮನಸ್ಸಿನಲ್ಲಿದ್ದ ಶಿಯುಗಳು ಸ್ಪೇನಿನವರ ಕಡೆ ಸೇರಿದರು. 1542ರ ಜನವರಿ 6ರಂದು ತ್ಹೊ ಎಂಬ ಮಾಯಾ ಊರಿನ ಮೇಲೆ ಮೆರಿದಾ ನಗರ ಎದ್ದಿತು. ಅಲ್ಲಿದ್ದ ಪಿರಮಿಡ್‌ಗಳ ಕಲ್ಲು ಕಿತ್ತು ಚರ್ಚು, ಮನೆ ಕಟ್ಟಿದರು. 1546ರ ನವೆಂಬರ್‌ನಲ್ಲಿ ಪೂರ್ವದ ಸಂಸ್ಥಾನಗಳು ಒಟ್ಟಿಗೆ ದಂಗೆ ಎದ್ದವು. ತಮ್ಮ ಪಂಚಾಂಗ ನೋಡಿ ದಿನ ಗೊತ್ತು ಮಾಡಿಕೊಂಡಿದ್ದರು. ಅದನ್ನು ಹತ್ತಿಕ್ಕಲು ಹಲವು ತಿಂಗಳು ಬೇಕಾಯಿತು.

ಮೆರಿದಾದ ಮುಖ್ಯ ಚೌಕದಲ್ಲಿ 1549ರಲ್ಲಿ ಕಟ್ಟಿಸಿದ ಮೊಂತೆಹೊ ಮನೆ ಇನ್ನೂ ನಿಂತಿದೆ. ಬಾಗಿಲ ಮೇಲಿನ ಕೆತ್ತನೆ ನೋಡಿ. ಆಯುಧ ಹಿಡಿದ ಇಬ್ಬರು ಸೈನಿಕರು, ಅವರ ಕಾಲಡಿಯಲ್ಲಿ ಬಾಯಿ ತೆರೆದು ಕಿರುಚುತ್ತಿರುವ ತಲೆಗಳು.

ಮಾಯಾ ಪುಸ್ತಕಗಳನ್ನು ಸುಟ್ಟದ್ದು ಯಾರು?

ಮೇಲೆ ಹೇಳಿದ ಅದೇ ಲಾಂದಾ. ಫ್ರಾನ್ಸಿಸ್ಕನ್ ಪಂಥದ ಪಾದ್ರಿ. ಮಾಯಾ ಭಾಷೆ ಚೆನ್ನಾಗಿ ಕಲಿತಿದ್ದ.

1562ರಲ್ಲಿ ಮಾನಿ ಊರಿನ ಹತ್ತಿರದ ಗುಹೆಯಲ್ಲಿ ವಿಗ್ರಹ, ಬಲಿಯ ಗುರುತು ಸಿಕ್ಕಿತು. ದೀಕ್ಷೆ ಪಡೆದ ಜನ ಗುಟ್ಟಾಗಿ ಹಳೆಯ ದೇವರನ್ನೇ ಪೂಜಿಸುತ್ತಿದ್ದಾರೆ ಎಂದು ಲಾಂದಾ ಕೆರಳಿದ. ವಿಚಾರಣೆ ಶುರುವಾಯಿತು. ಮಣಿಕಟ್ಟಿಗೆ ಹಗ್ಗ ಕಟ್ಟಿ ನೇತುಹಾಕಿದರು, ಬಾಯಿ ಬಿಡದವರ ಕಾಲಿಗೆ ಕಲ್ಲು ಕಟ್ಟಿದರು, ಚಾಟಿ ಬೀಸಿದರು, ಕಾಯಿಸಿದ ಮೇಣ ಸುರಿದರು. ಮೂರು ತಿಂಗಳಲ್ಲಿ 4,500ಕ್ಕೂ ಜಾಸ್ತಿ ಜನರಿಗೆ ಹಿಂಸೆ ಕೊಟ್ಟರು, 158 ಜನ ಸತ್ತರು ಎಂದು ಆಮೇಲಿನ ತನಿಖೆ ಲೆಕ್ಕ ಕೊಟ್ಟಿತು. ಜುಲೈ 12ರಂದು ಮಾನಿಯಲ್ಲಿ ವಿಗ್ರಹಗಳನ್ನು ರಾಶಿ ಹಾಕಿ ಸುಟ್ಟರು. ಅದರೊಂದಿಗೆ ಅಂಜೂರ ಜಾತಿಯ ಮರದ ತೊಗಟೆಯಿಂದ ಮಾಡಿದ, ಮಡಿಸಿಡುವ ಪುಸ್ತಕಗಳೂ ಹೋದವು. 27 ಎಂದು ಸಾಮಾನ್ಯವಾಗಿ ಹೇಳುವ ಲೆಕ್ಕ. ಅವುಗಳಲ್ಲಿ ಸೈತಾನನ ಸುಳ್ಳಲ್ಲದೆ ಬೇರೇನೂ ಇರಲಿಲ್ಲ, ಅದಕ್ಕೇ ಎಲ್ಲ ಸುಟ್ಟೆವು, ಅವರಿಗೆ ಮಾತ್ರ ವಿಪರೀತ ದುಃಖವಾಯಿತು ಎಂದು ಲಾಂದಾನೇ ಬರೆದ. ಆ ದುಃಖ ಕಂಡು ಅವನಿಗೆ ಆಶ್ಚರ್ಯವಾಯಿತಂತೆ!

ಹೊಸ ಬಿಷಪ್ ತೊರಾಲ್ ಅದೇ ವರ್ಷ ಬಂದು ಇದನ್ನು ನಿಲ್ಲಿಸಿದ. ಲಾಂದಾ ಸ್ಪೇನಿಗೆ ಹೋಗಿ ವಿಚಾರಣೆ ಎದುರಿಸಿ, ನಿರ್ದೋಷಿ ಎನಿಸಿಕೊಂಡು, 1573ರಲ್ಲಿ ತಾನೇ ಬಿಷಪ್ ಆಗಿ ವಾಪಸ್ ಬಂದ.

ಸ್ಪೇನಿನಲ್ಲಿದ್ದಾಗ ಅವನು ಯುಕಟಾನ್ ಬಗ್ಗೆ ಒಂದು ಬರಹ ಬರೆದ. ಜನರ ಆಚಾರ, ಪಂಚಾಂಗ, ಅಕ್ಷರಗಳ ಪಟ್ಟಿ, ಎಲ್ಲ ಅದರಲ್ಲಿದೆ. 1952ರಲ್ಲಿ ಸೋವಿಯತ್ ವಿದ್ವಾಂಸ ಯೂರಿ ಕ್ನೊರೊಸೊವ್ ಮಾಯಾ ಲಿಪಿಯ ಬೀಗ ತೆಗೆದದ್ದು ಆ ಪಟ್ಟಿಯನ್ನೇ ಕೈಯಲ್ಲಿ ಹಿಡಿದು. ಲಾಂದಾಗೆ ಆ ಮಾಹಿತಿ ಕೊಟ್ಟವರಲ್ಲಿ ಶಿಯು ಕಡೆಯ ಗಾಸ್ಪಾರ್ ಆಂತೊನಿಯೊ ಚಿ ಎಂಬ ಮಾಯಾ ವಿದ್ಯಾವಂತ ಮುಖ್ಯ. ಹೊಗಳಿಕೆ ಯಾರಿಗಾದರೂ ಸಲ್ಲಬೇಕಿದ್ದರೆ ಅವನಿಗೆ ಸಲ್ಲಲಿ.

ಈಗ ಎಷ್ಟು ಪುಸ್ತಕ ಉಳಿದಿವೆ?

ನಾಲ್ಕು. ಒಂದು ಜರ್ಮನಿಯ ಡ್ರೆಸ್ಡೆನ್‌ನಲ್ಲಿ, ಒಂದು ಮ್ಯಾಡ್ರಿಡ್‌ನಲ್ಲಿ, ಒಂದು ಪ್ಯಾರಿಸ್‌ನಲ್ಲಿ. ನಾಲ್ಕನೆಯದು ಮೆಕ್ಸಿಕೊದಲ್ಲಿದೆ. ಅದು ನಕಲಿ ಎಂದು ಬಹಳ ಕಾಲ ಜಗಳ ನಡೆದು, ಅಸಲಿ ಎಂದು 2018ರಲ್ಲಿ ಮೆಕ್ಸಿಕೊದ ತಜ್ಞರು ಹೇಳಿದರು.

ಇದಲ್ಲದೆ, ಪಾದ್ರಿಗಳಿಂದ ಕಲಿತ ಲ್ಯಾಟಿನ್ ಅಕ್ಷರದಲ್ಲಿ ಮಾಯಾ ಜನ ತಮ್ಮ ಭಾಷೆಯಲ್ಲೇ ಬರೆದಿಟ್ಟದ್ದು ಬೇಕಾದಷ್ಟಿದೆ. ಕಿಚೆಗಳ ಸೃಷ್ಟಿಕಥೆ ಪೊಪೊಲ್ ವುಹ್ ಅಂಥದ್ದು. 1550ರ ದಶಕದಲ್ಲಿ ಬರೆದ ಮೂಲ ಸಿಕ್ಕಿಲ್ಲ. 1701ರಿಂದ 1703ರ ನಡುವೆ ಫ್ರಾನ್ಸಿಸ್ಕೊ ಹಿಮೆನೆಸ್ ಎಂಬ ಪಾದ್ರಿ ಚಿಚಿಕಾಸ್ತೆನಾಂಗೊದಲ್ಲಿ ಪ್ರತಿ ಮಾಡಿಕೊಂಡದ್ದು ಉಳಿದಿದೆ. ಈಗ ಅದು ಶಿಕಾಗೋದ ನ್ಯೂಬೆರಿ ಲೈಬ್ರರಿಯಲ್ಲಿದೆ.

ಪಾದ್ರಿಗಳೆಲ್ಲ ಲಾಂದಾ ತರದವರೇನಾ?

ಅಲ್ಲ. ಬಾರ್ತೊಲೊಮೆ ದೆ ಲಾಸ್ ಕಾಸಾಸ್ ಎಂಬ ದೊಮಿನಿಕನ್ ಪಾದ್ರಿ ಈ ಕ್ರೌರ್ಯವನ್ನು ರಾಜನ ಮುಂದೆಯೇ ಖಂಡಿಸಿದ. ಉತ್ತರ ಗ್ವಾಟೆಮಾಲಾದ ತೆಸುಲುತ್ಲಾನ್ ಸೀಮೆಯೊಳಕ್ಕೆ ಸೈನಿಕರು ಕಾಲಿಡಬಾರದು ಎಂದು 1537ರಲ್ಲಿ ಒಪ್ಪಂದ ಮಾಡಿಸಿ, ಬರೀ ಪಾದ್ರಿಗಳನ್ನು ಕಳಿಸಿದ. ಆ ಸೀಮೆಗೆ ವೆರಾಪಾಸ್, ಅಂದರೆ ನಿಜವಾದ ಶಾಂತಿಯ ನಾಡು, ಎಂದು ಹೆಸರಿಟ್ಟರು. ಮೂಲನಿವಾಸಿಗಳನ್ನು ಗುಲಾಮರನ್ನಾಗಿ ಮಾಡಬಾರದು ಎಂಬ 1542ರ ಕಾನೂನಿನ ಹಿಂದೆ ಅವನ ಒತ್ತಾಯವೂ ಇತ್ತು. ಆಮೇಲೆ ಅವನು ಚಿಯಾಪಾಸ್‌ನ ಬಿಷಪ್ ಆದ. ಅಲ್ಲಿನ ಸ್ಪೇನಿನ ಜಮೀನ್ದಾರರು ಅವನನ್ನು ಹೆಚ್ಚು ದಿನ ಇರಲು ಬಿಡಲಿಲ್ಲ.

ಒಂದು ಮಾತು ಹೇಳಲೇಬೇಕು. ಒಳ್ಳೆಯ ಪಾದ್ರಿಯೂ ಕೇಳುತ್ತಿದ್ದದ್ದು ಮತಾಂತರವನ್ನೇ. ಖಡ್ಗ ಬೇಡ ಎಂದ, ಅಷ್ಟೇ.

ಕೊನೆಯ ಮಾಯಾ ರಾಜ್ಯ ಯಾವುದು? ಅಲ್ಲಿ ಕುದುರೆಯನ್ನು ಪೂಜಿಸುತ್ತಿದ್ದರಂತೆ, ಹೌದಾ?

ಕೊನೆಯದು ಪೆತೆನ್ ಇತ್ಸಾ ಕೆರೆಯ ನಡುವಿನ ದ್ವೀಪನಗರ ನೊಹ್‌ಪೆತೆನ್. ಇತ್ಸಾ ಜನರ ರಾಜಧಾನಿ, ದೊರೆಯ ಹೆಸರು ಕಾನ್ ಏಕ್. ಎಲ್ಲ ದೊರೆಗಳಿಗೂ ಅದೇ ಹೆಸರು.

1525ರಲ್ಲಿ ಕೊರ್ಟೆಸ್ ಹೊಂಡುರಾಸ್‌ಗೆ ಹೋಗುವಾಗ ಈ ದಾರಿಯಲ್ಲಿ ಬಂದ. ಅಜ್ಟೆಕರ ಕೊನೆಯ ದೊರೆ ಕುವಾವ್ತೆಮೊಕ್‌ನನ್ನು ಸೆರೆಯಾಳಾಗಿ ಎಳೆದುಕೊಂಡು ಬಂದು ಗಲ್ಲಿಗೆ ಹಾಕಿದ್ದು ಇದೇ ಪ್ರಯಾಣದಲ್ಲಿ. ಕಾಲಿಗೆ ಪೆಟ್ಟಾದ ತನ್ನ ಕುದುರೆಯನ್ನು ಕಾನ್ ಏಕ್ ಹತ್ತಿರ ಬಿಟ್ಟುಹೋದ. ಕುದುರೆಯನ್ನೇ ಕಾಣದ ಜನ ಅದಕ್ಕೆ ಕೋಳಿಮಾಂಸ, ಹೂವು ಕೊಟ್ಟರಂತೆ. ಪಾಪ, ಸತ್ತಿತು. 1618ರಲ್ಲಿ ಇಬ್ಬರು ಪಾದ್ರಿಗಳು ಬಂದಾಗ ಗುಡಿಯಲ್ಲಿ ಕುದುರೆಯ ವಿಗ್ರಹ ಕೂತಿತ್ತು, ಹೆಸರು ತ್ಸಿಮಿನ್ ಚಾಕ್, ಗುಡುಗಿನ ದೇವರು. ಅವರಲ್ಲಿ ಒಬ್ಬ ಸಿಟ್ಟಿನಿಂದ ಅದನ್ನು ಒಡೆದು ಹಾಕಿದ. ಜೀವ ಉಳಿಸಿಕೊಂಡು ಬಂದದ್ದೇ ಹೆಚ್ಚು.

ಇತ್ಸಾಗಳು ಮತ್ತೂ ಎಂಬತ್ತು ವರ್ಷ ಸ್ವತಂತ್ರರಾಗಿದ್ದರು. ಅವರ ಪಂಚಾಂಗದಲ್ಲಿ ಕಾಲ ಸುಮಾರು ಇಪ್ಪತ್ತು ವರ್ಷಗಳ ಸುತ್ತುಗಳಲ್ಲಿ ತಿರುಗುತ್ತದೆ, ಒಂದೊಂದು ಸುತ್ತಿಗೂ ಒಂದೊಂದು ಫಲ. 1696ರ ಸುಮಾರಿಗೆ ಬದಲಾವಣೆಯ ಸುತ್ತು ಬರುವುದಿತ್ತು. ಅದನ್ನು ಓದಿಕೊಂಡಿದ್ದ ಅವೆಂದಾನ್ಯೊ ಎಂಬ ಪಾದ್ರಿ ಆ ವರ್ಷ ಬಂದು, ನಿಮ್ಮ ಲೆಕ್ಕದ ಪ್ರಕಾರವೇ ಸಮಯ ಬಂದಿದೆ ಎಂದು ವಾದಿಸಿದ. ಕಾನ್ ಏಕ್ ಒಲವು ತೋರಿದ, ಉಳಿದ ಮುಖಂಡರು ಒಪ್ಪಲಿಲ್ಲ. 1697ರ ಮಾರ್ಚ್ 13ರಂದು ಯುಕಟಾನ್‌ನ ಗವರ್ನರ್ ಮಾರ್ತಿನ್ ದೆ ಉರ್ಸುವಾ ಕೆರೆ ದಂಡೆಯಲ್ಲೇ ಕಟ್ಟಿಸಿದ ಯುದ್ಧನೌಕೆಯಲ್ಲಿ ಫಿರಂಗಿ ಹೇರಿಕೊಂಡು ದ್ವೀಪಕ್ಕೆ ನುಗ್ಗಿದ. ಜನ ನೀರಿಗೆ ಹಾರಿದರು, ಎಷ್ಟೋ ಜನ ಈಜುತ್ತಲೇ ಗುಂಡಿಗೆ ಬಲಿಯಾದರು. ಆ ದಿನದ ಉಳಿದ ಹೊತ್ತು ಸೈನಿಕರು ವಿಗ್ರಹ ಒಡೆಯುವುದರಲ್ಲಿ ಕಳೆದರು. ಕಾನ್ ಏಕ್‌ನನ್ನು ಆಮೇಲೆ ಬೇಡಿ ಹಾಕಿ ಗ್ವಾಟೆಮಾಲಾಗೆ ಒಯ್ದರು. ಆ ದ್ವೀಪದ ಮೇಲೆ ಈಗ ಫ್ಲೋರೆಸ್ ಎಂಬ ಪ್ರವಾಸಿ ಊರಿದೆ. ಟಿಕಾಲ್ ನೋಡಲು ಹೋಗುವವರು ಹೆಚ್ಚಾಗಿ ಉಳಿದುಕೊಳ್ಳುವುದು ಅಲ್ಲೇ.

ಒಟ್ಟು ಎಷ್ಟು ಜನ ಸತ್ತರು?

ಖಚಿತ ಜನಗಣತಿ ಇಲ್ಲ, ಅಂದಾಜುಗಳಿವೆ. ಇತಿಹಾಸಕಾರರು ಹೆಚ್ಚಾಗಿ ಬಳಸುವ ಒಂದು ಅಂದಾಜಿನ ಪ್ರಕಾರ ದಕ್ಷಿಣ ಗ್ವಾಟೆಮಾಲಾದಲ್ಲಿ 1520ರಲ್ಲಿ ಸುಮಾರು 20 ಲಕ್ಷ ಮೂಲನಿವಾಸಿಗಳಿದ್ದರು. 1625ರ ಹೊತ್ತಿಗೆ ಸುಮಾರು 1.3 ಲಕ್ಷ. ಕತ್ತಿಯಿಂದ ಸತ್ತವರಿಗಿಂತ ಸಿಡುಬು, ದಡಾರ, ಟೈಫಸ್‌ನಿಂದ ಸತ್ತವರು ಬಹಳ ಜಾಸ್ತಿ. ಹಾಗಂತ ರೋಗದ ಮೇಲೆ ಎಲ್ಲ ಹಾಕಿ ಕೈ ತೊಳೆದುಕೊಳ್ಳುವ ಹಾಗಿಲ್ಲ. ಊರು ಸುಟ್ಟು, ಬೆಳೆ ಹಾಳುಮಾಡಿ, ಬಿಟ್ಟಿ ದುಡಿಸಿ, ಚದುರಿದ್ದ ಜನರನ್ನು ಒಂದೇ ಕಡೆ ತುರುಕಿದರೆ ರೋಗ ಹರಡದೆ ಇನ್ನೇನಾಗುತ್ತದೆ?

ಗೆದ್ದ ಮೇಲೆ ಜನರ ಬದುಕು ಹೇಗೆ ಬದಲಾಯಿತು?

ಮೊದಲನೆಯದು ಎನ್ಕೊಮಿಯೆಂದಾ ಪದ್ಧತಿ. ಯುದ್ಧದಲ್ಲಿ ದುಡಿದ ಸ್ಪೇನಿನವನಿಗೆ ಸರ್ಕಾರ ಇಂತಿಷ್ಟು ಹಳ್ಳಿಗಳನ್ನು ವಹಿಸಿಕೊಡುತ್ತಿತ್ತು. ಜಮೀನಲ್ಲ, ಅಲ್ಲಿನ ಜನರಿಂದ ಕಾಣಿಕೆ ವಸೂಲಿ ಮಾಡುವ ಹಕ್ಕು. ಯುಕಟಾನ್‌ನಲ್ಲಿ ಗಣಿ ಇಲ್ಲವಲ್ಲ, ಹಾಗಾಗಿ ಜನರ ಕೈಕೆಲಸವೇ ಗಣಿಯಾಯಿತು. ಹತ್ತಿಬಟ್ಟೆ, ಜೇನುಮೇಣ, ಮುಸುಕಿನ ಜೋಳ, ಟರ್ಕಿ ಕೋಳಿ. ಬಟ್ಟೆಯ ಭಾರ ಬಿದ್ದದ್ದು ಹೆಂಗಸರ ಮೇಲೆ. ಸೊಂಟಕ್ಕೆ ಪಟ್ಟಿ ಕಟ್ಟಿ ನೇಯುವ ಮಗ್ಗದಲ್ಲಿ ಮನೆಗೆ ಬೇಕಾದ್ದನ್ನು ನೇಯುವುದು ಬಿಟ್ಟು, ಕಾಣಿಕೆ ಬಟ್ಟೆ ನೇಯಬೇಕಾಯಿತು.

ಎರಡನೆಯದು ಊರು ಒಟ್ಟುಗೂಡಿಸುವುದು. ಹೊಲದ ಹತ್ತಿರ ಚದುರಿ ಬದುಕಿದ್ದವರನ್ನು ಎಬ್ಬಿಸಿ, ಚೌಕ, ಚರ್ಚು, ನೇರ ಬೀದಿಗಳಿರುವ ಹೊಸ ಊರಿಗೆ ತಂದರು. ವಾಪಸ್ ಹೋಗದಿರಲಿ ಎಂದು ಹಳೆ ಮನೆಗಳಿಗೆ ಬೆಂಕಿ ಹಾಕಿದ್ದೂ ಉಂಟು. ಕಾಣಿಕೆ ವಸೂಲಿಗೂ ಪ್ರಾರ್ಥನೆಗೆ ಕರೆಯಲೂ ಅನುಕೂಲ. ತಡೆಯಲಾರದವರು ದಕ್ಷಿಣದ ಕಾಡಿಗೆ ಓಡಿಹೋದರು. ನೊಹ್‌ಪೆತೆನ್ ಅಷ್ಟು ಕಾಲ ಉಳಿಯಲು ಈ ಓಡಿಬಂದವರೂ ಒಂದು ಕಾರಣ.

ಎಲ್ಲರೂ ಕ್ರೈಸ್ತರಾದರಾ?

ಆದರು, ತಮ್ಮದೇ ರೀತಿಯಲ್ಲಿ. ಚಿಚಿಕಾಸ್ತೆನಾಂಗೊದ ಸಂತ ತೋಮಸ್ ಚರ್ಚಿನ ಮೆಟ್ಟಿಲ ಮೇಲೆ ಇವತ್ತಿಗೂ ಕೋಪಾಲ್ ಧೂಪ ಹಾಕುತ್ತಾರೆ. ಸಾಂತಿಯಾಗೊ ಅತಿತ್ಲಾನ್‌ನಲ್ಲಿ ಮಶಿಮೋನ್ ಎಂಬ ದೇವರಿದ್ದಾನೆ. ಟೋಪಿ ಹಾಕಿದ ಮರದ ಮೂರ್ತಿ, ನೈವೇದ್ಯಕ್ಕೆ ಸಿಗಾರ್ ಮತ್ತು ಸಾರಾಯಿ. 260 ದಿನಗಳ ಹಳೆಯ ಪಂಚಾಂಗ ನೋಡಿ ದಿನ ಹೇಳುವವರು ಗ್ವಾಟೆಮಾಲಾದ ಬೆಟ್ಟದ ಊರುಗಳಲ್ಲಿ ಈಗಲೂ ಇದ್ದಾರೆ.

ಮತ್ತೆ ದಂಗೆ ಏಳಲಿಲ್ವಾ?

ಎದ್ದರು. 1712ರಲ್ಲಿ ಚಿಯಾಪಾಸ್‌ನ ಕಾಂಕುಕ್‌ನಲ್ಲಿ. 1761ರಲ್ಲಿ ಯುಕಟಾನ್‌ನ ಸಿಸ್ತೆಯ್ಲ್‌ನಲ್ಲಿ ಹಸಿಂತೊ ಕಾನೆಕ್. ಈ ಕಾನೆಕ್ ಅಂದರೆ ಅದೇ ಇತ್ಸಾ ದೊರೆಗಳ ಹೆಸರು, ಬೇಕೆಂದೇ ಇಟ್ಟುಕೊಂಡದ್ದು. ಮೆರಿದಾದಲ್ಲಿ ಅವನನ್ನು ಚಿತ್ರಹಿಂಸೆ ಕೊಟ್ಟು ಕೊಂದರು.

ಎಲ್ಲಕ್ಕಿಂತ ದೊಡ್ಡದು ಮೆಕ್ಸಿಕೊ ಸ್ವತಂತ್ರವಾದ ಮೇಲೆ ಬಂತು. ಕಬ್ಬಿನ ತೋಟಗಳು ಹಳ್ಳಿಗರ ನೆಲ ನುಂಗುತ್ತಿದ್ದವು, ತೆರಿಗೆ ಏರುತ್ತಿತ್ತು. 1847ರ ಜುಲೈನಲ್ಲಿ ಸಂಚಿನ ಆರೋಪದ ಮೇಲೆ ಮನುವೆಲ್ ಆಂತೊನಿಯೊ ಆಯ್ ಎಂಬ ಮುಖಂಡನನ್ನು ಗುಂಡಿಟ್ಟು ಕೊಂದರು. ಅಲ್ಲಿಂದ ಹೊತ್ತಿದ ಯುದ್ಧಕ್ಕೆ ಜಾತಿಯುದ್ಧ ಎಂದು ಹೆಸರು (ಇಲ್ಲಿ ಜಾತಿ ಅಂದರೆ ಜನಾಂಗ). ಮರುವರ್ಷ ಮಾಯಾ ಪಡೆಗಳು ಮೆರಿದಾದ ಹತ್ತಿರ ಹತ್ತಿರ ಬಂದವು. ಸೋತ ಮೇಲೆ ಪೂರ್ವದ ಕಾಡು ಸೇರಿ, ಮಾತಾಡುವ ಶಿಲುಬೆಯೊಂದರ ಅಪ್ಪಣೆಯಂತೆ ಚಾನ್ ಸಾಂತಾ ಕ್ರುಸ್ ಎಂಬ ತಮ್ಮದೇ ರಾಜ್ಯ ಕಟ್ಟಿಕೊಂಡರು. ಪಕ್ಕದ ಬೆಲೀಜ್‌ನ ಬ್ರಿಟಿಷರಿಂದ ಬಂದೂಕು ಕೊಂಡರು. ಮೆಕ್ಸಿಕೊ ಸೈನ್ಯ ಆ ಊರು ಹಿಡಿದದ್ದು 1901ರಲ್ಲಿ.

ಸ್ಪೇನ್ ಹೋದ ಮೇಲೆ ಕಷ್ಟ ತೀರಿತಾ?

ಇಲ್ಲ. ಯಜಮಾನ ಬದಲಾದ. 1870ರ ದಶಕದಲ್ಲಿ ಗ್ವಾಟೆಮಾಲಾದಲ್ಲಿ ಕಾಫಿ ತೋಟಗಳು ಹಬ್ಬಿದವು, ಹಳ್ಳಿಗಳ ಸಾಮೂಹಿಕ ಜಮೀನು ತೋಟಗಳ ಪಾಲಾಯಿತು. 1877ರ ಕಾನೂನು ತೋಟಗಳಿಗೆ ಆಳು ಕಳಿಸುವಂತೆ ಹಳ್ಳಿಗಳನ್ನು ಕಟ್ಟಿಹಾಕಿತು. ಮುಂಗಡ ಕೊಟ್ಟು ಸಾಲದಲ್ಲಿ ಸಿಕ್ಕಿಸಿ ದುಡಿಸುವ ಪದ್ಧತಿ 1930ರ ದಶಕದವರೆಗೂ ನಡೆಯಿತು. 1952ರಲ್ಲಿ ಭೂಸುಧಾರಣೆ ಬಂತು. 1954ರಲ್ಲಿ ಅಮೆರಿಕದ ಸಿಐಎ ಕುಮ್ಮಕ್ಕಿನ ಕ್ಷಿಪ್ರಕ್ರಾಂತಿ ಅದನ್ನು ಅಳಿಸಿಹಾಕಿತು.

1960ರಿಂದ 1996ರವರೆಗಿನ ಅಂತರ್ಯುದ್ಧದಲ್ಲಿ 2 ಲಕ್ಷಕ್ಕೂ ಹೆಚ್ಚು ಜನ ಸತ್ತರು ಅಥವಾ ಕಾಣೆಯಾದರು. ವಿಶ್ವಸಂಸ್ಥೆಯ ಬೆಂಬಲದ ಸತ್ಯಶೋಧನಾ ಆಯೋಗ 1999ರಲ್ಲಿ ವರದಿ ಕೊಟ್ಟಿತು. ಗುರುತು ಸಿಕ್ಕ ಬಲಿಪಶುಗಳಲ್ಲಿ ಶೇ 83 ಮಾಯಾ ಜನ. ದೌರ್ಜನ್ಯಗಳಲ್ಲಿ ಶೇ 93 ಸರ್ಕಾರದ ಕಡೆಯವರದು. ಸೈನ್ಯ ನಡೆಸಿದ ಸಾಮೂಹಿಕ ಹತ್ಯೆಗಳು 626. 1980ರ ದಶಕದ ಮೊದಲಲ್ಲಿ ಕೆಲವು ಸೀಮೆಗಳಲ್ಲಿ ನಡೆದದ್ದನ್ನು ಆಯೋಗ ನರಮೇಧ ಎಂದೇ ಕರೆಯಿತು. ಕಿಚೆ ಮಹಿಳೆ ರಿಗೊಬೆರ್ತಾ ಮೆಂಚೂಗೆ ಶಾಂತಿ ನೊಬೆಲ್ ಬಂದದ್ದು 1992ರಲ್ಲಿ, ಕೊಲಂಬಸ್ ಬಂದು ಸರಿಯಾಗಿ 500 ವರ್ಷಕ್ಕೆ.

ಸೋಮನಾಥಪುರದ ಶಿಲ್ಪದಲ್ಲಿ ಮುಸುಕಿನ ಜೋಳ ಇದೆಯಂತೆ. ಹಾಗಾದರೆ ಹೊಯ್ಸಳರಿಗೂ ಮಾಯಾ ಜನರಿಗೂ ನಂಟಿತ್ತಾ?

ಈ ಮಾತು ವಾಟ್ಸಾಪ್‌ನಲ್ಲಿ ಆಗಾಗ ಓಡಾಡುತ್ತದೆ. 13ನೇ ಶತಮಾನದ ಆ ಗುಡಿಯಲ್ಲಿ ಕೆಲವು ಮೂರ್ತಿಗಳ ಕೈಯಲ್ಲಿರುವುದು ಮುಸುಕಿನ ಜೋಳದ ತೆನೆ ಎಂದು 1989ರಲ್ಲಿ ಅಮೆರಿಕದ ಇಬ್ಬರು ವಿದ್ವಾಂಸರು ವಾದಿಸಿದ್ದು ನಿಜ. ಅದು ತೆನೆಯಲ್ಲ, ಮುತ್ತು ಪೋಣಿಸಿದ ಕಾಲ್ಪನಿಕ ಹಣ್ಣು ಎಂದು ಭಾರತದ ವಿಜ್ಞಾನಿಗಳು ಉತ್ತರ ಕೊಟ್ಟರು. ನಮಗೂ ಎರಡನೆಯದೇ ಸರಿ ಅನಿಸುತ್ತದೆ. ನಿಜವಾದ ನಂಟು ಆಮೇಲಿನದು. ಆ ಕಡೆಯ ಮುಸುಕಿನ ಜೋಳ, ಮೆಣಸಿನಕಾಯಿ, ಪರಂಗಿ, ಸಪೋಟ ನಮ್ಮ ಹೊಲ, ಹಿತ್ತಿಲು ಸೇರಿದ್ದು ಯುರೋಪಿನ ಹಡಗುಗಳು ಸಮುದ್ರ ದಾಟಲು ಶುರುಮಾಡಿದ ಮೇಲೆ.

2012ಕ್ಕೆ ಪ್ರಳಯ ಆಗುತ್ತೆ ಅಂತ ಮಾಯಾ ಜನ ಹೇಳಿದ್ದರಾ?

ಹೇಳಿರಲಿಲ್ಲ. ‘ದೀರ್ಘ ಲೆಕ್ಕ’ ಎಂಬ ಅವರ ಪಂಚಾಂಗದಲ್ಲಿ ಒಂದು ದೊಡ್ಡ ಸುತ್ತು ಮುಗಿದು ಇನ್ನೊಂದು ಶುರುವಾಗುವ ದಿನ ಅದು. ಉಳಿದದ್ದು ಟಿವಿಯವರ ಕೊಡುಗೆ.

ಈಗ ಮಾಯಾ ಜನ ಎಷ್ಟಿದ್ದಾರೆ? ಭಾಷೆ ಉಳಿದಿದೆಯಾ?

ಗ್ವಾಟೆಮಾಲಾದ 2018ರ ಜನಗಣತಿಯಲ್ಲಿ 60 ಲಕ್ಷಕ್ಕೂ ಹೆಚ್ಚು ಜನ ತಾವು ಮಾಯಾ ಎಂದು ಬರೆಸಿದ್ದಾರೆ. ದೇಶದ ಶೇ 40ಕ್ಕೂ ಹೆಚ್ಚು. ಮೆಕ್ಸಿಕೊದಲ್ಲಿ ಯುಕಟಾನ್ ಮಾಯಾ ಭಾಷೆಯೊಂದನ್ನೇ 7 ಲಕ್ಷಕ್ಕೂ ಹೆಚ್ಚು ಜನ ಆಡುತ್ತಾರೆ. ಮಾಯಾ ಎನ್ನುವುದು ಒಂದು ಭಾಷೆಯಲ್ಲ. ಕನ್ನಡ, ತಮಿಳು, ತುಳು ಒಂದೇ ಬುಡದಿಂದ ಬಂದ ಹಾಗೆ ಸುಮಾರು 30 ಭಾಷೆಗಳ ಕುಟುಂಬ. ಗ್ವಾಟೆಮಾಲಾದಲ್ಲೇ 22 ಇವೆ. ಕಿಚೆ ಆಡುವವರು ಹತ್ತು ಲಕ್ಷಕ್ಕೂ ಹೆಚ್ಚು. ಇತ್ಸಾ ಭಾಷೆ ಮಾತ್ರ ಕೊನೆಯುಸಿರು ಎಳೆಯುತ್ತಿದೆ, ಕೆಲವು ವಯಸ್ಸಾದವರ ಬಾಯಲ್ಲಷ್ಟೇ ಇದೆ.

1990ರಲ್ಲಿ ಗ್ವಾಟೆಮಾಲಾದ ಮಾಯಾ ಭಾಷೆಗಳ ಅಕಾಡೆಮಿಗೆ ಕಾನೂನಿನ ಮಾನ್ಯತೆ ಸಿಕ್ಕಿತು. ರಾಜಕೀಯವಾಗಿಯೂ ಜನ ಸುಮ್ಮನೆ ಕೂತಿಲ್ಲ. 1994ರ ಜನವರಿ 1ರಂದು ಚಿಯಾಪಾಸ್‌ನಲ್ಲಿ ಸಪಾತಿಸ್ತಾ ಬಂಡಾಯ ಎದ್ದಾಗ ಮುಂದೆ ಇದ್ದವರು ಹೆಚ್ಚಾಗಿ ತ್ಸೆಲ್ತಾಲ್, ತ್ಸೊತ್ಸಿಲ್, ಚೋಲ್, ತೊಹೊಲಬಾಲ್ ಎಂಬ ಮಾಯಾ ಪಂಗಡಗಳ ರೈತರು. 2023ರ ಅಕ್ಟೋಬರ್‌ನಲ್ಲಿ ಗ್ವಾಟೆಮಾಲಾದ ಚುನಾವಣಾ ಫಲಿತಾಂಶವನ್ನೇ ತಿರುಗಿಸುವ ಪ್ರಯತ್ನ ನಡೆದಾಗ, ತೊತೊನಿಕಾಪಾನ್‌ನ 48 ಹಳ್ಳಿಗಳ ಕಿಚೆ ಪಂಚಾಯಿತಿ ಕರೆ ಕೊಟ್ಟು ದೇಶದ ಹೆದ್ದಾರಿಗಳನ್ನು ಬಂದ್ ಮಾಡಿಸಿತು. ಗೆದ್ದಿದ್ದ ಬೆರ್ನಾರ್ದೊ ಅರೆವಾಲೊ 2024ರ ಜನವರಿಯಲ್ಲಿ ಅಧ್ಯಕ್ಷರಾಗಿ ಅಧಿಕಾರ ವಹಿಸಿಕೊಂಡರು.

ಯಾರಾದರೂ ಕ್ಷಮೆ ಕೇಳಿದ್ದಾರಾ?

2019ರಲ್ಲಿ ಮೆಕ್ಸಿಕೊದ ಅಧ್ಯಕ್ಷ ಲೋಪೆಸ್ ಒಬ್ರಾದೊರ್ ಸ್ಪೇನಿನ ದೊರೆಗೆ ಪತ್ರ ಬರೆದು, ಆಕ್ರಮಣ ಕಾಲದ ದೌರ್ಜನ್ಯಕ್ಕೆ ಕ್ಷಮೆ ಕೇಳಿ ಎಂದರು. ಸ್ಪೇನ್ ಸರ್ಕಾರ ಒಪ್ಪಲಿಲ್ಲ. ಐದು ಶತಮಾನದ ಹಿಂದಿನದನ್ನು ಇವತ್ತಿನ ಕಣ್ಣಿನಲ್ಲಿ ನೋಡಬಾರದು ಎಂಬುದು ಅವರ ಉತ್ತರ. 2021ರ ಮೇ 3ರಂದು ಲೋಪೆಸ್ ಒಬ್ರಾದೊರ್ ಜಾತಿಯುದ್ಧದ ನೆಲವಾದ ಕಿಂತಾನಾ ರೋ ರಾಜ್ಯಕ್ಕೆ ಹೋಗಿ, ಮೆಕ್ಸಿಕೊ ದೇಶ ಮಾಡಿದ್ದನ್ನೂ ಸೇರಿಸಿ, ಮಾಯಾ ಜನರ ಕ್ಷಮೆ ಕೇಳಿದರು.

ಅದೇ ಸರ್ಕಾರ ಆ ಹೊತ್ತಿಗೆ ಯುಕಟಾನ್ ಸುತ್ತ 1,500 ಕಿಲೋಮೀಟರ್‌ಗೂ ಉದ್ದದ ‘ಮಾಯಾ ರೈಲು’ ಕಟ್ಟಿಸುತ್ತಿತ್ತು. ಕಾಡು, ಸೆನೋತೆಗಳ ಮೇಲೆ ಹಾದುಹೋಗುವ ಈ ಹಳಿಗೆ ನಮ್ಮನ್ನು ಸರಿಯಾಗಿ ಕೇಳಲೇ ಇಲ್ಲ ಎಂದು ಹಲವು ಮಾಯಾ ಹಳ್ಳಿಗಳು ಕೋರ್ಟಿಗೆ ಹೋದವು. ಇನ್ನು ಕೆಲವು ಹಳ್ಳಿಗಳು ಕೆಲಸ ಸಿಗುತ್ತದೆ ಎಂದು ಬೆಂಬಲಿಸಿದವು. ರೈಲಿನ ಮೊದಲ ಭಾಗ 2023ರ ಡಿಸೆಂಬರ್‌ನಲ್ಲಿ ಓಡಲು ಶುರುವಾಯಿತು.